ಪಿನ್ ಪುಟದಲ್ಲಿ ನಿಲ್ಲಬೇಡಿ: ಕಣ್ಣು ಕಾಣದವರು ತಾವೇ ಯುಪಿಐ ಮಾಡುವ ವಿಧಾನ, ಹಂತ ಹಂತವಾಗಿ

ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳುತ್ತವೆ. "ಆ್ಯಪ್ ಹಾಕ್ಕೊಂಡೆ, ಅಂಗಡಿ ಹೆಸರು ಬಂತು, ಮೊತ್ತವೂ ಹಾಕಿದೆ. ಪಿನ್ ಕೇಳೋ ಹೊತ್ತಿಗೆ ಏನು ಒತ್ತಿದರೂ ಆಗಲ್ಲ. ಕೊನೆಗೆ ಅಂಗಡಿ ಹುಡುಗನ ಕೈಗೆ ಫೋನ್ ಕೊಟ್ಟು ಪಿನ್ ಹೇಳಿಬಿಟ್ಟೆ." ನಮ್ಮ ಚಿಕ್ಕಪ್ಪನೂ ಎರಡು ವರ್ಷ ಹೀಗೇ ಮಾಡಿದರು. ಅವರ ಪಿನ್ ಓಣಿಯ ಮೂರು ಅಂಗಡಿಗಳಿಗೆ ಗೊತ್ತಿತ್ತು. ಈಗ ಅವರು ಯಾರಿಗೂ ಫೋನ್ ಕೊಡುವುದಿಲ್ಲ. ಅವರಿಗೆ ಕಲಿಸುವಾಗ ಎಲ್ಲೆಲ್ಲಿ ಎಡವಿದೆವೋ ಅದನ್ನೆಲ್ಲ ಇಲ್ಲಿ ಇಟ್ಟಿದ್ದೇನೆ.

ಇಲ್ಲಿರುವುದು ಮುಖ್ಯವಾಗಿ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸೌಲಭ್ಯ) ಬಳಸುವವರಿಗೆ. ಐಫೋನ್ ಎಲ್ಲಿ ಬೇರೆಯೋ ಅಲ್ಲಿ ಹೇಳುತ್ತೇನೆ. ಮಂದ ದೃಷ್ಟಿಯವರಿಗೆ, ಕೈ ನಡುಗುವವರಿಗೆ, ಕಿವಿ ಕೇಳದವರಿಗೆ ಬೇಕಾದದ್ದು ಕೊನೆಯ ಕಡೆ ಇದೆ.

ಒಂದು ವಿನಂತಿ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಸೋಲುವವರಲ್ಲಿ ಬಹಳ ಜನ ಮೊದಲು ಆ್ಯಪ್ ಹಾಕಿಕೊಳ್ಳುತ್ತಾರೆ, ಟಾಕ್‌ಬ್ಯಾಕ್ ಆಮೇಲೆ ಕಲಿಯುತ್ತಾರೆ. ಆಗ ಪ್ರತಿ ತಪ್ಪಿಗೂ ನಿಜವಾದ ದುಡ್ಡು ಹೋಗುವ ಭಯ. ಭಯದಲ್ಲಿ ಬೆರಳು ಕಲಿಯುವುದಿಲ್ಲ.

ಮೊದಲು ಇವು ಕೈಯಲ್ಲಿರಲಿ

ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಇದೇ ಫೋನಿನಲ್ಲಿರಬೇಕು. ಆ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗುವಷ್ಟು ಕರೆನ್ಸಿ ಇರಬೇಕು. ಇಂಟರ್‌ನೆಟ್ ಪ್ಯಾಕ್ ಇದ್ದರೆ ಸಾಲದು.

ಒಂದು ಇಯರ್‌ಫೋನ್ ಬೇಕು, ತಂತಿಯದ್ದೇ ಒಳ್ಳೆಯದು. ಬ್ಲೂಟೂತ್‌ನದು ನಡುವೆ ಕಡಿದುಹೋದರೆ ನಿಮ್ಮ ಪಿನ್ ಸ್ಪೀಕರಿನಲ್ಲಿ ಜೋರಾಗಿ ಕೇಳಿಬಿಡುತ್ತದೆ. ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಕಿವಿ ಅಂಗಡಿಯವರ ಮಾತಿಗೆ ಬೇಕು.

ಡೆಬಿಟ್ ಕಾರ್ಡ್ ಬೇಕು. ಇಲ್ಲವಾದರೆ ನಿಮ್ಮ ಆಧಾರ್‌ಗೆ ಬ್ಯಾಂಕಿನಲ್ಲಿರುವ ನಂಬರೇ ಜೋಡಣೆಯಾಗಿರಬೇಕು. ಜೊತೆಗೆ ನೀವು ನಂಬುವ ಒಬ್ಬರು ಬೇಕು, ಅವರಿಗೆ ಒಂದು ರೂಪಾಯಿ ಕಳಿಸಿ ಅಭ್ಯಾಸ ಮಾಡಲು. ಅವರು ನಿಮ್ಮ ಫೋನ್ ಮುಟ್ಟುವ ಅಗತ್ಯವಿಲ್ಲ.

1. ಧ್ವನಿ ಸರಿಮಾಡಿಕೊಳ್ಳಿ

ಟಾಕ್‌ಬ್ಯಾಕ್ ಇರುವುದು ಸೆಟ್ಟಿಂಗ್ಸ್ ಒಳಗಿನ ಆಕ್ಸೆಸಿಬಿಲಿಟಿಯಲ್ಲಿ. ಕನ್ನಡ ಫೋನಿನಲ್ಲಿ ಅದಕ್ಕೆ ಪ್ರವೇಶಿಸುವಿಕೆ ಎಂದೂ ಹೆಸರಿರಬಹುದು. ಅಲ್ಲೇ ಶಾರ್ಟ್‌ಕಟ್ ಆನ್ ಮಾಡಿ. ಆಮೇಲೆ ವಾಲ್ಯೂಮ್‌ನ ಎರಡೂ ಗುಂಡಿಯನ್ನು ಕೆಲವು ಸೆಕೆಂಡ್ ಒಟ್ಟಿಗೆ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ, ಮತ್ತೆ ಹಿಡಿದರೆ ನಿಲ್ಲುತ್ತದೆ. ಐಫೋನಿನಲ್ಲಿ ಇದೇ ಕೆಲಸ ಮಾಡುವ ವಾಯ್ಸ್‌ಓವರ್‌ಗೆ ಶಾರ್ಟ್‌ಕಟ್ ಇಟ್ಟುಕೊಂಡರೆ ಪಕ್ಕದ ಗುಂಡಿಯನ್ನು ಮೂರು ಸಲ ಒತ್ತಬೇಕು.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಧ್ವನಿ ಇಳಿಸಿಕೊಳ್ಳಿ, ಅದನ್ನೇ ಆರಿಸಿ. ಇಂಗ್ಲಿಷ್ ಧ್ವನಿ ಕನ್ನಡ ಅಕ್ಷರ ಕಂಡರೆ ಓದುವುದಿಲ್ಲ, ಸುಮ್ನೆ ದಾಟಿಹೋಗುತ್ತದೆ. ಆ್ಯಪ್ ಕನ್ನಡದಲ್ಲಿದ್ದು ಧ್ವನಿ ಇಂಗ್ಲಿಷಿನದಾದರೆ ಅರ್ಧ ಪರದೆ ಖಾಲಿ ಇದ್ದಂತೆ ಅನ್ನಿಸುತ್ತದೆ. "ಆ್ಯಪ್ ಕೆಟ್ಟಿದೆ" ಎಂದು ಫೋನ್ ಮಾಡಿದ ಎಷ್ಟೋ ಜನರಿಗೆ ಇದ್ದ ತೊಂದರೆ ಇಷ್ಟೇ. ಕನ್ನಡ ಧ್ವನಿ ಇಂಗ್ಲಿಷ್ ಪದಗಳನ್ನೂ ತಕ್ಕಮಟ್ಟಿಗೆ ಓದುತ್ತದೆ. ಹಾಗಾಗಿ ಅದೇ ಇರಲಿ.

ಮಾತಿನ ವೇಗ ಕಡಿಮೆ ಇಡಿ. ಸುದ್ದಿ ಕೇಳುವಾಗಿನ ವೇಗದಲ್ಲಿ ಐನೂರಕ್ಕೂ ಐದು ಸಾವಿರಕ್ಕೂ ವ್ಯತ್ಯಾಸ ತಪ್ಪಿಹೋಗುತ್ತದೆ.

2. ದುಡ್ಡಿಲ್ಲದ ಜಾಗದಲ್ಲಿ ಬೆರಳು ಪಳಗಿಸಿ

ಒಂದು ಬೆರಳಿನಿಂದ ಬಲಕ್ಕೆ ಸರಿಸಿದರೆ ಮುಂದಿನ ಗುಂಡಿ, ಎಡಕ್ಕೆ ಸರಿಸಿದರೆ ಹಿಂದಿನದು. ಎರಡು ಸಲ ತಟ್ಟಿದರೆ ಆ ಗುಂಡಿ ಒತ್ತಿದಂತೆ. ಎರಡು ಬೆರಳಿನಿಂದ ಸರಿಸಿದರೆ ಪುಟ ಮೇಲೆ ಕೆಳಗೆ ಹೋಗುತ್ತದೆ. ಇವು ಬಂದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಕಲಿಯಲೇಬೇಕು. ಒಂದು ಬೆರಳನ್ನು ಅಂಕಿಯ ಮೇಲೆ ಇಟ್ಟು ಹಿಡಿಯಿರಿ, ಹೆಸರು ಕೇಳಿಸಿದ ಕೂಡಲೇ ಇನ್ನೊಂದು ಬೆರಳಿನಿಂದ ಪರದೆಯ ಬೇರೆ ಜಾಗದಲ್ಲಿ ಒಮ್ಮೆ ತಟ್ಟಿ. ಇದು ಎರಡು ಸಲ ತಟ್ಟಿದ್ದಕ್ಕೆ ಸಮ, ಆದರೆ ಬೆರಳು ಜಾಗ ತಪ್ಪುವುದಿಲ್ಲ. ಪಿನ್ ಪುಟದಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ಐಫೋನಿನಲ್ಲೂ ಇದು ನಡೆಯುತ್ತದೆ.

ಅಭ್ಯಾಸಕ್ಕೆ ಎರಡು ಜಾಗ ಬಳಸಿ. ಅಂಕಿಗಳು ಎಲ್ಲಿವೆ ಎಂದು ಕಲಿಯಲು ಫೋನ್ ಕರೆಯ ಡಯಲ್ ಪ್ಯಾಡ್ ತೆರೆಯಿರಿ. ಅಲ್ಲಿ 1, 2, 3 ಮೇಲಿನ ಸಾಲಿನಲ್ಲಿವೆ, ಪಿನ್ ಪುಟದಲ್ಲೂ ಹಾಗೇ. ಒತ್ತುವ ರೀತಿ ಕಲಿಯಲು ಕ್ಯಾಲ್ಕುಲೇಟರ್ ತೆರೆಯಿರಿ. ಆದರೆ ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿರುತ್ತವೆ. ಅದರ ಜಾಗವನ್ನು ಬೆರಳಿಗೆ ಕಲಿಸಬೇಡಿ.

3. ಆ್ಯಪ್ ಆರಿಸುವುದು

ಭೀಮ್, ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಎಲ್ಲದರಲ್ಲೂ ಕನ್ನಡ ಇದೆ. ಯಾವುದು ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಇವತ್ತು ಚೆನ್ನಾಗಿ ಓದುವ ಆ್ಯಪ್ ಮುಂದಿನ ಅಪ್‌ಡೇಟ್‌ನಲ್ಲಿ ಕೆಡಬಹುದು. ಗುಂಡಿಯ ಹೆಸರು ಹೋಗಿ ಬರೀ "ಲೇಬಲ್ ಇಲ್ಲ, ಬಟನ್" ಎಂದು ಕೇಳಿಸಬಹುದು. ಅದಕ್ಕೇ ಎರಡು ಆ್ಯಪ್ ಇಟ್ಟುಕೊಳ್ಳಿ. ಯುಪಿಐ ಪಿನ್ ಸೇರಿರುವುದು ನಿಮ್ಮ ಬ್ಯಾಂಕ್ ಖಾತೆಗೆ, ಆ್ಯಪಿಗಲ್ಲ. ಒಂದು ಆ್ಯಪಿನಲ್ಲಿ ಇಟ್ಟ ಪಿನ್ ಇನ್ನೊಂದರಲ್ಲೂ ಅದೇ.

ಕೆಲವು ಪಾವತಿ ಆ್ಯಪ್‌ಗಳು ತೆರೆದ ಕೂಡಲೇ "ನಿಮ್ಮ ಫೋನಿನಲ್ಲಿ ಅಪಾಯದ ಆ್ಯಪ್ ಇದೆ" ಎಂದು ಮುಚ್ಚಿಕೊಳ್ಳುತ್ತವೆ. ಟಾಕ್‌ಬ್ಯಾಕ್ ಬಿಟ್ಟು ಬೇರೆ ಕಂಪನಿಯ ಸ್ಕ್ರೀನ್ ರೀಡರ್ (ಪರದೆ ಓದಿ ಹೇಳುವ ಆ್ಯಪ್) ಬಳಸುವವರಿಗೆ ಇದು ಜಾಸ್ತಿ. ಕಳ್ಳ ಆ್ಯಪ್‌ಗಳು ಆಕ್ಸೆಸಿಬಿಲಿಟಿ ಅನುಮತಿಯನ್ನೇ ಬಳಸಿ ಪರದೆ ಓದುತ್ತವೆ, ಅದಕ್ಕೆ ಈ ಎಚ್ಚರಿಕೆ. ಪಾವತಿ ಮಾಡುವಾಗ ಟಾಕ್‌ಬ್ಯಾಕ್‌ಗೆ ಬದಲಾಯಿಸಿಕೊಳ್ಳಿ. ಆಕ್ಸೆಸಿಬಿಲಿಟಿ ಪಟ್ಟಿಯಲ್ಲಿ ಬೇಡದ ಉಳಿದವನ್ನು ಆಫ್ ಮಾಡಿ.

4. ನೋಂದಣಿ ಮತ್ತು ಪಿನ್ ಇಡುವುದು

ಇದನ್ನು ಮನೆಯಲ್ಲಿ ಕುಳಿತು ಮಾಡಿ. ಆ್ಯಪ್ ನಿಮ್ಮ ಸಿಮ್‌ನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಎರಡು ಸಿಮ್ ಇದ್ದರೆ ಯಾವುದು ಎಂದು ಕೇಳುತ್ತದೆ. ಇಲ್ಲಿ ತಪ್ಪು ಸಿಮ್ ಆರಿಸಿದರೆ "ಖಾತೆ ಸಿಗಲಿಲ್ಲ" ಎಂದು ಬರುತ್ತದೆ. ಆಗ ಬ್ಯಾಂಕಿಗೆ ಓಡಬೇಡಿ, ಮೊದಲು ಸಿಮ್ ಬದಲಿಸಿ ನೋಡಿ.

ಪಿನ್ ಇಡಲು ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಕೇಳುತ್ತದೆ. ಕಾರ್ಡ್ ಓದಿಸಿಕೊಳ್ಳಲು ಇನ್ನೊಬ್ಬರ ಕಣ್ಣು ಬೇಕಾಗುವುದರಿಂದ ಆಧಾರ್ ದಾರಿಯೇ ನನಗೆ ಇಷ್ಟ. ಅಲ್ಲಿ ಆಧಾರ್‌ನ ಮೊದಲ 6 ಅಂಕಿ ಹಾಕಬೇಕು, ಆಮೇಲೆ ಒಟಿಪಿ. ಕಾರ್ಡಿನ ದಾರಿಯೇ ಬೇಕಾದರೆ ಮನೆಯವರಿಂದ ಓದಿಸಿಕೊಳ್ಳಿ. ಕಾರ್ಡಿನ ಹಿಂದಿರುವ 3 ಅಂಕಿಯ ಸಿವಿವಿ ಇದಕ್ಕೆ ಬೇಕಿಲ್ಲ, ಅದನ್ನು ಓದಿಸಬೇಡಿ.

ಪಿನ್ 4 ಅಥವಾ 6 ಅಂಕಿ ಇರುತ್ತದೆ, ಎಷ್ಟು ಎಂದು ಬ್ಯಾಂಕ್ ತೀರ್ಮಾನಿಸುತ್ತದೆ. ಹುಟ್ಟಿದ ವರ್ಷ, 1234 ಬೇಡ. ಹಿಂದೆ ಯಾರಿಗಾದರೂ ಪಿನ್ ಹೇಳಿದ್ದರೆ ಇವತ್ತೇ ಬದಲಿಸಿ.

5. ಪಿನ್ ಪುಟ: ಎಲ್ಲರೂ ನಿಲ್ಲುವುದು ಇಲ್ಲೇ

ನೀವು ಯಾವ ಆ್ಯಪ್ ಬಳಸಿದರೂ ಪಿನ್ ಪುಟ ಆ ಆ್ಯಪಿನದಲ್ಲ. ಅದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯದು. ಆದ್ದರಿಂದ ಒಂದು ಕಡೆ ಕಲಿತರೆ ಬೇರೆ ಆ್ಯಪಿನಲ್ಲೂ ಕೈ ಓಡುತ್ತದೆ. ಅಲ್ಲಿ ಬರುವ ಅಂಕಿಗಳು ನಿಮ್ಮ ಮಾಮೂಲಿ ಕೀಬೋರ್ಡ್ ಅಲ್ಲ. ಮೆಸೇಜ್ ಬರೆಯುವ ಕೀಬೋರ್ಡಿನಲ್ಲಿ ಬೆರಳು ಎತ್ತಿದರೆ ಅಕ್ಷರ ಬೀಳುತ್ತದೆ. ಕೆಲವು ಡಯಲ್ ಪ್ಯಾಡ್‌ಗಳಲ್ಲೂ ಹಾಗೇ. ಪಿನ್ ಪುಟದಲ್ಲಿ ಬೆರಳು ಎತ್ತಿದರೆ ಏನೂ ಬೀಳುವುದಿಲ್ಲ. ಪ್ರತಿ ಅಂಕಿಗೂ ಎರಡು ಸಲ ತಟ್ಟಬೇಕು, ಅಥವಾ ಮೇಲೆ ಹೇಳಿದಂತೆ ಎರಡನೇ ಬೆರಳಿನಿಂದ ತಟ್ಟಬೇಕು. "ಒತ್ತಿದರೂ ಆಗಲ್ಲ" ಎನ್ನುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ಇದೇ. ಚಿಕ್ಕಪ್ಪ ಎರಡು ವರ್ಷ ಪಿನ್ ಬಿಟ್ಟುಕೊಟ್ಟದ್ದೂ ಇಷ್ಟಕ್ಕೇ. ಅವರ ಬೆರಳು ಸರಿಯಾದ ಅಂಕಿಯ ಮೇಲೇ ಇತ್ತು, ತಟ್ಟಬೇಕು ಎಂದು ಯಾರೂ ಹೇಳಿರಲಿಲ್ಲ.

ಅಭ್ಯಾಸಕ್ಕೆ ಒಂದು ಒಳ್ಳೆಯ ದಾರಿ ಇದೆ. ಖಾತೆಯ ಬ್ಯಾಲೆನ್ಸ್ ನೋಡುವ ಆಯ್ಕೆ ಒತ್ತಿ. ಅದಕ್ಕೂ ಇದೇ ಪಿನ್ ಪುಟ ಬರುತ್ತದೆ, ಆದರೆ ಒಂದು ಪೈಸೆಯೂ ಹೋಗುವುದಿಲ್ಲ. ಹೀಗೆ ಮಾಡಿ:

1. ಇಯರ್‌ಫೋನ್ ಹಾಕಿ, ಧ್ವನಿ ಅದರಲ್ಲೇ ಬರುತ್ತಿದೆಯಾ ಎಂದು ಮೊದಲು ಕೇಳಿ. ಬ್ಯಾಲೆನ್ಸ್ ಎಷ್ಟು ಎಂದೂ ಅದು ಓದಿ ಹೇಳುತ್ತದೆ, ನೆನಪಿರಲಿ.

2. ಪರದೆ ಮರೆಮಾಡಿ. ಹೊಸ ಫೋನ್‌ಗಳಲ್ಲಿ ಮೂರು ಬೆರಳಿನಿಂದ ಒಮ್ಮೆ ತಟ್ಟಿದರೆ ಟಾಕ್‌ಬ್ಯಾಕ್ ಮೆನು ಬರುತ್ತದೆ, ಅದರಲ್ಲಿ ಪರದೆ ಮರೆಮಾಡುವ ಆಯ್ಕೆ ಇದೆ. ಐಫೋನಿನಲ್ಲಿ ಮೂರು ಬೆರಳಿನಿಂದ ಮೂರು ಸಲ ತಟ್ಟಿ. ಈಗ ಪಕ್ಕದವರಿಗೆ ಬರೀ ಕಪ್ಪು ಕಾಣುತ್ತದೆ, ನಿಮಗೆ ಎಲ್ಲ ಕೇಳುತ್ತದೆ.

3. ಪಿನ್ ಪುಟ ಬಂದ ಮೇಲೆ ಪರದೆಯ ಕೆಳಗಿನ ಅರ್ಧದಲ್ಲಿ ಒಂದು ಬೆರಳು ಇಟ್ಟು ನಿಧಾನವಾಗಿ ಸರಿಸಿ. 5 ಸಿಕ್ಕರೆ ಸುತ್ತಲಿನದೆಲ್ಲ ಸಿಗುತ್ತದೆ. ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಎಡಕ್ಕೆ ಅಳಿಸುವ ಗುಂಡಿ, ನಡುವೆ 0, ಬಲಕ್ಕೆ ಒಪ್ಪಿಗೆಯ ಗುಂಡಿ ಇರುತ್ತವೆ.

4. ಪ್ರತಿ ಅಂಕಿ ಹಾಕುವಾಗ ಮನಸ್ಸಿನಲ್ಲಿ ಎಣಿಸಿ. ಹಾಕಿದ ಪಿನ್ ಅನ್ನು ಪುಟ ಮತ್ತೆ ಓದಿ ಹೇಳುವುದಿಲ್ಲ. ಅನುಮಾನ ಬಂದರೆ ಊಹೆ ಮಾಡಬೇಡಿ, ಎಲ್ಲ ಅಳಿಸಿ ಮೊದಲಿನಿಂದ ಹಾಕಿ.

5. ಮೇಲೆ "ಶೋ" ಎಂಬ ಗುಂಡಿ ಸಿಕ್ಕರೆ ಒತ್ತಬೇಡಿ. ಒತ್ತಿದರೆ ಪರದೆಯ ಮೇಲೆ ಪಿನ್ ಕಾಣುತ್ತದೆ.

ಪಿನ್ ಪುಟ ಬಹಳ ಹೊತ್ತು ಕಾಯುವುದಿಲ್ಲ, ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ದಿನ ಹಾಗೆ ಮುಚ್ಚಿಕೊಂಡರೆ ಬೇಸರ ಬೇಡ. ಆದರೆ ತಪ್ಪು ಪಿನ್ ಮೂರು ಸಲ ಹಾಕಿದರೆ ಬ್ಯಾಂಕ್ ಸಾಮಾನ್ಯವಾಗಿ ಒಂದು ದಿನದ ಮಟ್ಟಿಗೆ ತಡೆಯುತ್ತದೆ. ಎರಡು ಸಲ ತಪ್ಪಿದರೆ ನಿಲ್ಲಿಸಿ, ಚಹಾ ಕುಡಿದು ಬನ್ನಿ.

ಐದು ಸಲ ತಪ್ಪಿಲ್ಲದೆ ಬ್ಯಾಲೆನ್ಸ್ ಕೇಳಿದ ಮೇಲೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

6. ಒಂದು ರೂಪಾಯಿ ಕಳಿಸಿ

ನಂಬಿಕೆಯವರ ಮೊಬೈಲ್ ನಂಬರ್ ಹಾಕಿ. ಹೆಸರು ಬಂದ ಕೂಡಲೇ ಅದನ್ನು ಪೂರ್ತಿ ಕೇಳಿ. ಮೊತ್ತ ಹಾಕಿದ ಮೇಲೆ ಒಮ್ಮೆ ಅಕ್ಷರ ಅಕ್ಷರವಾಗಿ ಓದಿಸಿ. ಟಾಕ್‌ಬ್ಯಾಕ್‌ನಲ್ಲಿ ಒಂದು ಬೆರಳಿನಿಂದ ಮೇಲೆ ಹೋಗಿ ಹಾಗೇ ಕೆಳಗೆ ಎಳೆದರೆ ಓದುವ ವಿಧಾನ ಬದಲಾಗುತ್ತದೆ. ಅದು "ಅಕ್ಷರಗಳು" ಎಂದಾಗ ಕೆಳಗೆ ಸರಿಸುತ್ತಾ ಹೋಗಿ. ಉದಾಹರಣೆಗೆ ಐನೂರು ಹಾಕಿದ್ದರೆ "ಐದು, ಸೊನ್ನೆ, ಸೊನ್ನೆ" ಎಂದು ಬಿಡಿಬಿಡಿಯಾಗಿ ಕೇಳಿಸಬೇಕು. ಸೊನ್ನೆ ಜಾಸ್ತಿ ಬಿದ್ದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಕಳಿಸಿದ ಮೇಲೆ ಪರದೆ ಏನೂ ಹೇಳದಿದ್ದರೆ ಮತ್ತೆ ಕಳಿಸಬೇಡಿ. ಇದು ಬಹಳ ಜನ ಮಾಡುವ ದುಬಾರಿ ತಪ್ಪು. ದುಡ್ಡು ಹೋದಾಗ ಕೆಲವು ಆ್ಯಪ್‌ಗಳು ಹಸಿರು ಗುರುತು ತೋರಿಸಿ ಸುಮ್ಮನಾಗುತ್ತವೆ, ಟಾಕ್‌ಬ್ಯಾಕ್‌ಗೆ ಅದು ಕಾಣುವುದಿಲ್ಲ. ಹಿಸ್ಟರಿ ತೆರೆದು ಮೊದಲ ಸಾಲು ಕೇಳಿ. ಅಲ್ಲಿ "ಪೆಂಡಿಂಗ್" ಎಂದಿದ್ದರೆ ಕಾಯಿರಿ.

7. ಅಂಗಡಿಯ ಕ್ಯೂಆರ್

ಅಂಗಡಿಯವರಿಗೆ "ಕ್ಯೂಆರ್ ಎಲ್ಲಿದೆ, ನನ್ನ ಕೈ ಅದರ ಮೇಲೆ ಇಡಿ" ಎಂದು ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಹಲಗೆಯ ಅಂಚು ಸಿಕ್ಕ ಮೇಲೆ ಫೋನನ್ನು ಅದರ ಮೇಲೆ ಮಟ್ಟಸವಾಗಿ ಇಟ್ಟು, ಅಲುಗಾಡಿಸದೆ ನಿಧಾನವಾಗಿ ಒಂದು ಗೇಣು ಎತ್ತಿ. ಹೆಚ್ಚಿನ ಸಲ ಅಷ್ಟರಲ್ಲೇ ಹಿಡಿಯುತ್ತದೆ. ಹಿಡಿಯದಿದ್ದರೆ ಫೋನಿನ ಹಿಂದಿನ ಕ್ಯಾಮೆರಾದ ಮೇಲೆ ನಿಮ್ಮ ಬೆರಳಿದೆಯಾ ನೋಡಿ. ಸಂಜೆ ಹೊತ್ತು ಟಾರ್ಚ್ ಗುಂಡಿ ಒತ್ತಿ. ಹೊಳೆಯುವ ಪ್ಲಾಸ್ಟಿಕ್ ಹಲಗೆಯಾದರೆ ಸ್ವಲ್ಪ ಓರೆ ಹಿಡಿಯಿರಿ.

ಎರಡು ನಿಮಿಷ ಪ್ರಯತ್ನಿಸಿ. ಆಗದಿದ್ದರೆ ಅಂಗಡಿಯ ಯುಪಿಐ ನಂಬರ್ ಕೇಳಿ ಹಾಕಿ.

ಬಂದ ಹೆಸರನ್ನು ಗಟ್ಟಿಯಾಗಿ ಹೇಳಿ: "ಈ ಹೆಸರು ಬರ್ತಿದೆ, ನಿಮ್ಮದೇ ಅಲ್ವಾ?" ಕ್ಯೂಆರ್ ಮೇಲೆ ಬೇರೆಯವರ ಕ್ಯೂಆರ್ ಅಂಟಿಸಿ ಮೋಸ ಮಾಡುವವರಿದ್ದಾರೆ. ಕಣ್ಣಿದ್ದವರಿಗೂ ಅದು ಕಾಣುವುದಿಲ್ಲ, ಕೇಳಿ ನೋಡಿದರೆ ಸಿಕ್ಕಿಬೀಳುತ್ತದೆ. ಅಂಗಡಿಯ ಸೌಂಡ್‌ಬಾಕ್ಸ್ ಮೊತ್ತ ಕೂಗುವ ತನಕ ನಿಲ್ಲಿ, ಜೊತೆಗೆ ನಿಮ್ಮ ಫೋನಿನಲ್ಲೂ ಕೇಳಿಕೊಳ್ಳಿ.

8. ಸಣ್ಣ ಮೊತ್ತಕ್ಕೆ ಪಿನ್ ಇಲ್ಲದ ದಾರಿ

ಪುಟ ಪುಟ ದಾಟಿ ಬೇಸತ್ತವರಿಗೆ ಯುಪಿಐ ಲೈಟ್ ಇದೆ. 1,000 ರೂಪಾಯಿವರೆಗಿನ ಪಾವತಿಗೆ ಪಿನ್ ಬೇಡ. ಅದರಲ್ಲಿ ಹೆಚ್ಚೆಂದರೆ 5,000 ರೂಪಾಯಿ ಇಡಬಹುದು. ಹಾಲು, ತರಕಾರಿ, ಆಟೋಗೆ ಇದು ಸಾಕು. ಪಿನ್ ಇಲ್ಲ ಎಂದಮೇಲೆ ಫೋನ್ ಬೇರೆಯವರ ಕೈಗೆ ಸಿಕ್ಕರೆ ಅವರೂ ಖರ್ಚು ಮಾಡಬಹುದು. ಫೋನಿಗೆ ಲಾಕ್ ಇರಲಿ, ಬೇಕಾದಷ್ಟೇ ದುಡ್ಡು ಹಾಕಿ.

2025ರ ಅಕ್ಟೋಬರ್‌ನಲ್ಲಿ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಪಾವತಿ ಮಾಡುವ ವ್ಯವಸ್ಥೆಯೂ ಶುರುವಾಯಿತು, 5,000 ರೂಪಾಯಿವರೆಗೆ. ನಿಮ್ಮ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಇದ್ದರೆ ಬೆರಳಚ್ಚನ್ನೇ ಆರಿಸಿ. ಕಣ್ಣು ಕಾಣದವರಿಗೆ ಮುಖವನ್ನು ಕ್ಯಾಮೆರಾದ ನೇರಕ್ಕೆ ಹಿಡಿಯುವುದಕ್ಕಿಂತ ಅದು ಎಷ್ಟೋ ಸುಲಭ.

ಕೀಪ್ಯಾಡ್ ಫೋನ್ ಮಾತ್ರ ಇದ್ದರೆ ಯುಪಿಐ 123ಪೇ ಇದೆ. 080 4516 3666ಕ್ಕೆ ಕರೆ ಮಾಡಿ, ಅದು ಹೇಳಿದಂತೆ ಅಂಕಿ ಒತ್ತಬೇಕು.

ಮಂದ ದೃಷ್ಟಿ, ನಡುಗುವ ಕೈ, ಕೇಳದ ಕಿವಿ

ಮಂದ ದೃಷ್ಟಿಯವರು ಅಕ್ಷರವನ್ನು ಅತಿ ದೊಡ್ಡದು ಮಾಡುತ್ತಾರೆ. ಆಗ "ಪೇ" ಗುಂಡಿ ಪರದೆಯ ಕೆಳಗೆ ಹೋಗಿ ಕಾಣದಾಗುತ್ತದೆ. ಅಕ್ಷರವನ್ನು ಮಧ್ಯಮಕ್ಕೆ ಇಟ್ಟು, ಬೇಕಾದಲ್ಲಿ ಮ್ಯಾಗ್ನಿಫಿಕೇಶನ್ ಬಳಸಿ. ಅದರ ಶಾರ್ಟ್‌ಕಟ್ ಆನ್ ಮಾಡಿಕೊಂಡರೆ ಮೂರು ಸಲ ತಟ್ಟಿದಾಗ ಪರದೆ ಹಿಗ್ಗುತ್ತದೆ.

ಕೈ ನಡುಗುವವರು ಆಕ್ಸೆಸಿಬಿಲಿಟಿಯಲ್ಲಿ ಎರಡು ಬದಲಾವಣೆ ಮಾಡಿ. ಒತ್ತಿ ಹಿಡಿಯುವ ಸಮಯ ಹೆಚ್ಚಿಸಿ. ಮತ್ತೆ, ಸಂದೇಶಗಳು ಪರದೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬ ಸಮಯವನ್ನೂ ಹೆಚ್ಚಿಸಿ. ಪಿನ್ ಪುಟದ ಸಮಯ ಇದರಿಂದ ಬದಲಾಗುವುದಿಲ್ಲ, ಆದ್ದರಿಂದ ಯುಪಿಐ ಲೈಟ್ ಮತ್ತು ಬೆರಳಚ್ಚು ನಿಮಗೇ ಹೆಚ್ಚು ಉಪಯೋಗ.

ಕಿವಿ ಕೇಳದ ಅಂಗಡಿಯವರಿಗೆ ಸೌಂಡ್‌ಬಾಕ್ಸ್‌ನಿಂದ ಪ್ರಯೋಜನವಿಲ್ಲ. ಗ್ರಾಹಕರು ತೋರಿಸುವ ಪರದೆಯನ್ನೂ ನಂಬಬೇಡಿ, ನಕಲಿ ಪಾವತಿ ಪರದೆ ತೋರಿಸುವ ಆ್ಯಪ್‌ಗಳಿವೆ. ನಿಮ್ಮ ಫೋನಿಗೆ ಬಂದ ನೋಟಿಫಿಕೇಶನ್ ಮಾತ್ರ ಲೆಕ್ಕ. ಆಂಡ್ರಾಯ್ಡ್ 14ರಿಂದ ನೋಟಿಫಿಕೇಶನ್ ಬಂದಾಗ ಫ್ಲ್ಯಾಶ್ ಬೆಳಗುವ ಸೌಲಭ್ಯ ಇದೆ. ಅದನ್ನು ಆನ್ ಮಾಡಿ ಫೋನನ್ನು ಮಗುಚಿ ಗಲ್ಲಾದ ಮೇಲಿಡಿ.

ಇವು ಕಂಡರೆ ತಕ್ಷಣ ನಿಲ್ಲಿಸಿ

"ದುಡ್ಡು ಬರಬೇಕು, ಪಿನ್ ಹಾಕಿ" ಎಂದರೆ ಅದು ಮೋಸ. ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಹೊಸ ಆ್ಯಪ್ ಒಂದು ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಬಹಳ ಹುಷಾರು. ಟಾಕ್‌ಬ್ಯಾಕ್ ಬಳಸುವ ನಮ್ಮವರಿಗೆ ಆ ಪದ ಪರಿಚಿತ, ಹಾಗಾಗಿ ಯೋಚಿಸದೆ ಒಪ್ಪಿಬಿಡುತ್ತೇವೆ. ಆ ಅನುಮತಿ ಸಿಕ್ಕ ಆ್ಯಪ್ ನಿಮ್ಮ ಪರದೆ ಓದಬಹುದು, ನಿಮ್ಮ ಬದಲು ಗುಂಡಿಯನ್ನೂ ಒತ್ತಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲಿನಿಂದ ಆ್ಯಪ್ ಹಾಕಬೇಡಿ. ಸಹಾಯ ಮಾಡುತ್ತೇವೆ ಎಂದು ಪರದೆ ಹಂಚಿಕೊಳ್ಳಲು ಹೇಳುವವರ ಕರೆ ಕತ್ತರಿಸಿ.

ಮೋಸವಾಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ.

ದುಡ್ಡು ಸಿಕ್ಕಿಕೊಂಡರೆ, ಆ್ಯಪ್ ಓದದಿದ್ದರೆ

ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ತಲುಪದಿದ್ದರೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದಾದರೆ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ್ಯಪಿನ ಹಿಸ್ಟರಿಯಲ್ಲಿ ಆ ಪಾವತಿಯನ್ನೇ ತೆರೆದು ದೂರು ಕೊಡಿ, ದೂರಿನ ನಂಬರ್ ಬರೆಸಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448.

ಆ್ಯಪ್ ಟಾಕ್‌ಬ್ಯಾಕ್‌ಗೆ ಓದಲು ಬರದಿದ್ದರೂ ದೂರು ಕೊಡಿ. ಇದು ದಯೆ ಕೇಳುವ ವಿಷಯ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಪಾವತಿ ವ್ಯವಸ್ಥೆಗಳು ಅಂಗವಿಕಲರಿಗೂ ಬಳಸಲು ಬರುವಂತೆ ಮಾಡಿ ಎಂದು 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೂಡ ಡಿಜಿಟಲ್ ಸೇವೆ ತಲುಪುವುದು ಬದುಕುವ ಹಕ್ಕಿನ ಭಾಗ ಎಂದಿದೆ. ಆ್ಯಸಿಡ್ ದಾಳಿಗೆ ಸಿಕ್ಕವರು ಮತ್ತು ಕಣ್ಣು ಕಾಣದವರು ಕೆವೈಸಿಯಲ್ಲಿ (ಗ್ರಾಹಕರ ಗುರುತು ಪರಿಶೀಲನೆಯಲ್ಲಿ) ಪಟ್ಟ ಕಷ್ಟದ ಬಗ್ಗೆ ಬಂದ ತೀರ್ಪು ಅದು. ನಿಮ್ಮ ಕೆವೈಸಿ "ಕಣ್ಣು ಮಿಟುಕಿಸಿ" ಎಂಬಲ್ಲಿ ನಿಂತಿದ್ದರೆ ಈ ತೀರ್ಪನ್ನು ಹೆಸರಿಸಿ ಬ್ಯಾಂಕಿಗೆ ಬರೆಯಿರಿ.

"ಆ್ಯಪ್ ಸರಿಯಿಲ್ಲ" ಎಂದಷ್ಟೇ ಬರೆದರೆ ಕೆಲಸ ಆಗುವುದಿಲ್ಲ. ಫೋನಿನ ಮಾದರಿ, ಆಂಡ್ರಾಯ್ಡ್ ಮತ್ತು ಆ್ಯಪಿನ ಆವೃತ್ತಿ, ಯಾವ ಪುಟ, ಏನು ಒತ್ತಿದಿರಿ, ಟಾಕ್‌ಬ್ಯಾಕ್ ಏನು ಹೇಳಿತು, ಇಷ್ಟು ಬರೆಯಿರಿ. ಉದಾಹರಣೆಗೆ: "ಮೊತ್ತ ಹಾಕುವ ಪುಟದಲ್ಲಿ ಕೆಳಗಿನ ಬಲ ಮೂಲೆಯ ಗುಂಡಿಗೆ ಲೇಬಲ್ ಇಲ್ಲ. ಇದರಿಂದ ಪಾವತಿ ಮುಂದುವರಿಸಲು ಆಗುತ್ತಿಲ್ಲ." ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಮೇಲ್ ಅಥವಾ ಆ್ಯಪಿನ ಚಾಟ್‌ನಲ್ಲಿ ಬರಹದಲ್ಲೇ ಕಳಿಸಿ. ಮುಂದಿನ ಅಪ್‌ಡೇಟ್ ಬಂದ ದಿನ ಅದೇ ಪುಟ ತೆರೆದು, ಗುಂಡಿಗೆ ಹೆಸರು ಬಂದಿದೆಯಾ ಕೇಳಿ. ಬಂದಿಲ್ಲದಿದ್ದರೆ ಹಳೆಯ ದೂರಿನ ನಂಬರ್ ಹಾಕಿ ಮತ್ತೆ ಬರೆಯಿರಿ.